ತಾಮ್ರದ ಪೈಪು ಕೊಯ್ಯುವ ಮುನ್ನ: ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ ಕಡೆ ಎಸಿ ಕೂರಿಸುವವರು, ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಸೋಲಾರ್ ರಿಪೇರಿ ಮಾಡುವವರು, ಬೈತಖೋಲ ಬಂದರಿನಲ್ಲಿ ಬೋಟಿನ ಎಂಜಿನ್ ನೋಡಿಕೊಳ್ಳುವವರು, ಮನೆಯ ಸಣ್ಣಪುಟ್ಟ ಕೆಲಸ ತಾವೇ ಮಾಡಿಕೊಳ್ಳುವವರು, ಇವರೆಲ್ಲರೂ ಒಂದಲ್ಲ ಒಂದು ದಿನ ತಾಮ್ರದ ಪೈಪಿಗೆ ಕೈ ಹಾಕುತ್ತಾರೆ. ಅವರಿಂದ ಬರುವ ಪ್ರಶ್ನೆಗಳು ಇಲ್ಲಿವೆ.

ಪೈಪು ಕತ್ತರಿಸಬೇಕಿದೆ. ಮೊದಲು ಯಾವ ಉಪಕರಣ ತರಲಿ?

ಉಪಕರಣದ ಮಾತು ಆಮೇಲೆ. ಆ ಪೈಪಿನೊಳಗೆ ಈಗ ಏನಿದೆ ಎಂಬುದು ಮೊದಲು ಗೊತ್ತಾಗಬೇಕು. ಹೊಸ ಸುರುಳಿಯಿಂದ ಬಿಚ್ಚಿದ ಖಾಲಿ ಪೈಪಾದರೆ ಅಪಾಯವೆಲ್ಲ ಬ್ಲೇಡಿನ ಬಾಯಲ್ಲಿ ಮಾತ್ರ. ಅದೇ ಗೋಡೆಗೆ ಕೂತಿರುವ ಹಳೇ ಪೈಪಾದರೆ ಒಳಗೆ ಎಸಿಯ ಗ್ಯಾಸ್ ಇರಬಹುದು, ಅಡುಗೆ ಗ್ಯಾಸ್ ಇರಬಹುದು, ಕುದಿಯುವ ನೀರಿರಬಹುದು, ಡೀಸೆಲ್ ಇರಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಕೆಂಪು ಪೈಪು. ಎರಡೂ ತುದಿಗಳ ತನಕ ಕೈಯಾಡಿಸಿಕೊಂಡು ಹೋಗಿ, ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎಂದು ಕಣ್ಣಾರೆ ನೋಡಿ. ಗೊತ್ತಾಗದಿದ್ದರೆ ಮುಟ್ಟಬೇಡಿ.

ಆಸ್ಪತ್ರೆಯ ಆಮ್ಲಜನಕದ ಲೈನೂ ತಾಮ್ರದ್ದೇ. ಅದಕ್ಕೆ ಆ ಕೆಲಸದಲ್ಲೇ ತರಬೇತಾದವರನ್ನು ಬಿಟ್ಟು ಬೇರೆ ಯಾರೂ ಕೈ ಹಾಕಕೂಡದು.

ಕೈ ಉಪಕರಣವೋ, ಕರೆಂಟಿನದ್ದೋ? ಯಾವುದು ಒಳ್ಳೆಯದು?

ಒಂದೂಕಾಲು ಇಂಚಿನವರೆಗಿನ ಪೈಪಿಗೆ ಕೈಯಲ್ಲಿ ತಿರುಗಿಸುವ ಟ್ಯೂಬ್ ಕಟರ್‌ಗಿಂತ ಒಳ್ಳೆಯದು ಇಲ್ಲ. ಕಿಡಿ ಇಲ್ಲ, ಪುಡಿ ಇಲ್ಲ, ಸದ್ದಿಲ್ಲ, ಕರೆಂಟು ಬೇಡ, ಬಾಯಿ ನೇರವಾಗಿ ಬರುತ್ತದೆ. ಗ್ರೈಂಡರ್ ಹಿಡಿದರೆ ಕೊಯ್ಯುವುದು ಕ್ಷಣದ ಕೆಲಸ, ನಿಜ. ಆದರೆ ಅಂಚು ಕೆರೆದು, ಒಳಗೆ ಬಿದ್ದ ಪುಡಿ ತೆಗೆದು, ಸೊಟ್ಟಾದ ಬಾಯಿ ಸರಿಮಾಡುವುದರೊಳಗೆ ಕಟರ್ ಹಿಡಿದವರು ಕೆಲಸ ಮುಗಿಸಿ ಕೈ ತೊಳೆದಿರುತ್ತಾರೆ. ಕಲಿಯಲು ಬಂದ ಹುಡುಗರ ಕೈಗೆ ಮೊದಲೇ ಗ್ರೈಂಡರ್ ಕೊಡುವ ಅಭ್ಯಾಸ ನಮ್ಮ ಕಡೆ ಇದೆ. ಅದು ಬಿಡಬೇಕಾದ ಅಭ್ಯಾಸ.

ಗೋಡೆಗೆ ಅಂಟಿಕೊಂಡ ಪೈಪಿಗೆ ದೊಡ್ಡ ಕಟರ್ ತಿರುಗಲು ಜಾಗ ಸಿಗುವುದಿಲ್ಲ. ಅಂಗೈಯಲ್ಲಿ ಅಡಗುವ ಮಿನಿ ಕಟರ್ ಸಿಗುತ್ತದೆ, ಅದನ್ನೂ ಚೀಲದಲ್ಲಿ ಇಟ್ಟುಕೊಳ್ಳಿ.

ಟ್ಯೂಬ್ ಕಟರ್‌ನಲ್ಲಿ ಕೊಯ್ದರೆ ಪೈಪು ಚಪ್ಪಟೆಯಾಗುತ್ತದೆ. ಏನು ತಪ್ಪು?

ಗುಬುಟನ್ನು ಒಮ್ಮೆಲೇ ಬಿಗಿ ಮಾಡುತ್ತಿದ್ದೀರಿ. ಎಸಿಗೆ ಬಳಸುವ ಸುರುಳಿ ಪೈಪು ಮೆದು ತಾಮ್ರ, ಗೋಡೆ ಬಹುತೇಕ 0.7ರಿಂದ 1 ಮಿಲಿಮೀಟರ್ ದಪ್ಪ. ಚಕ್ರ ಪೈಪಿಗೆ ತಾಗಿದ ಮೇಲೆ ಕಾಲು ಸುತ್ತಷ್ಟೇ ಬಿಗಿ ಮಾಡಿ, ಕಟರನ್ನು ಪೈಪಿನ ಸುತ್ತ ಪೂರ್ತಿ ಒಂದು ಸುತ್ತು ತಿರುಗಿಸಿ. ಗೆರೆ ಬಿದ್ದು ಮೊದಲಿನ ಜಾಗಕ್ಕೇ ಬಂದು ಸೇರಬೇಕು. ಮತ್ತೆ ಕಾಲು ಸುತ್ತು ಬಿಗಿ, ಮತ್ತೆ ತಿರುಗಿಸುವುದು. ಹೀಗೆ ಹೋದರೆ ಪೈಪು ತಾನಾಗಿಯೇ ಬಿಟ್ಟುಕೊಳ್ಳುತ್ತದೆ.

ಗೆರೆ ಸೇರದೆ ಸ್ಕ್ರೂವಿನ ಸುರುಳಿ ಗೆರೆಯ ಹಾಗೆ ಸುತ್ತಿಕೊಂಡು ಹೋಗುತ್ತಿದ್ದರೆ ಚಕ್ರದ ಪಿನ್ನು ಸವೆದಿದೆ ಅಥವಾ ಕಟರನ್ನು ಓರೆಯಾಗಿ ಹಿಡಿದಿದ್ದೀರಿ. ಬಲ ಹಾಕಿ ಮುಂದುವರಿಸಬೇಡಿ, ಬಿಚ್ಚಿ ಹೊಸದಾಗಿ ಶುರುಮಾಡಿ. ಸ್ಟೀಲಿಗೆ, ಪ್ಲಾಸ್ಟಿಕ್ಕಿಗೆ ಬೇರೆ ಬೇರೆ ಚಕ್ರಗಳಿವೆ. ತಾಮ್ರಕ್ಕೆ ತಾಮ್ರದ್ದನ್ನೇ ಹಾಕಿ.

ಕೊಯ್ದ ಮೇಲೆ ಒಳಗಿನ ಅಂಚು ಕೆರೆಯಲೇಬೇಕೇ? ಎಷ್ಟೋ ಜನ ಕೆರೆಯುವುದಿಲ್ಲವಲ್ಲ.

ಕೆರೆಯಲೇಬೇಕು. ಕಟರ್‌ನ ಚಕ್ರ ಲೋಹವನ್ನು ಒಳಕ್ಕೆ ಒತ್ತುವುದರಿಂದ ಬಾಯಿಯೊಳಗೆ ಚೂಪಾದ ಒಂದು ಏಣು ನಿಲ್ಲುತ್ತದೆ. ಮೆಕ್ಯಾನಿಕರು ಅದಕ್ಕೆ ಬರ್ ಎನ್ನುತ್ತಾರೆ. ಅದನ್ನು ಹಾಗೇ ಬಿಟ್ಟು ಫ್ಲೇರ್ ಮಾಡಿದರೆ, ಅಂದರೆ ಜೋಡಣೆಗಾಗಿ ಬಾಯಿ ಅರಳಿಸಿದರೆ, ಅರಳಿದ ಬಾಯಿ ಸರಿಯಾಗಿ ಕೂರುವುದಿಲ್ಲ, ಗ್ಯಾಸ್ ನಿಧಾನಕ್ಕೆ ಸೋರುತ್ತದೆ. ಬಿಸಿನೀರಿನ ಪೈಪಿನಲ್ಲಾದರೆ ಏಣಿನ ಹಿಂದೆ ನೀರು ಸುಳಿ ಹೊಡೆದು, ಕೆಲವು ವರ್ಷಗಳಲ್ಲಿ ಆ ಜಾಗದಲ್ಲೇ ತಾಮ್ರ ಸವೆದು ತೂತಾಗುತ್ತದೆ.

ಕೆರೆಯುವಾಗ ಪೈಪಿನ ಬಾಯಿ ಕೆಳಗಿರಲಿ. ಚೂರು ನೆಲಕ್ಕೆ ಬೀಳಬೇಕೇ ಹೊರತು ಪೈಪಿನೊಳಗಲ್ಲ. ಎಸಿ ಪೈಪಿನೊಳಗೆ ಬಿದ್ದ ತಾಮ್ರದ ಚೂರು ಗ್ಯಾಸಿನ ಜೊತೆ ಹರಿದು ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ ಇಲ್ಲವೇ ಕಂಪ್ರೆಸರ್ ತಲುಪುತ್ತದೆ. ಆಮೇಲೆ ಖರ್ಚು ಕಂಪ್ರೆಸರಿನದ್ದು. ಅಂಚು ಕೆರೆಯುವ ಉಪಕರಣವಾದ ರೀಮರ್ ಇಲ್ಲದಿದ್ದರೆ ಕಟರ್‌ನ ಬೆನ್ನಿಗೇ ಮಡಚಿದ ತ್ರಿಕೋನದ ಅಲಗು ಇರುತ್ತದೆ, ಅದೇ ಸಾಕು. ಆದರೆ ಅತಿಯಾಗಿ ಕೆರೆದು ಗೋಡೆ ತೆಳ್ಳಗೆ ಮಾಡಬೇಡಿ. ಕೊಯ್ದ ಬಾಯಿಯನ್ನು ಬೆರಳು ಹಾಕಿ ನೋಡುವ ಚಪಲವನ್ನೂ ಬಿಡಿ, ಅದು ಬ್ಲೇಡಿನಷ್ಟೇ ಹರಿತ.

ಕಟರ್ ಇಲ್ಲ, ಹ್ಯಾಕ್ಸಾ ಇದೆ. ನಡೆಯುತ್ತದೆಯೇ?

ನೀರಿನ ಪೈಪಿಗೆ ನಡೆಯುತ್ತದೆ. ಎಸಿ, ಫ್ರಿಜ್ ಪೈಪಿಗೆ ಬೇಡ, ಪುಡಿ ಒಳಗೆ ಹೋಗುವುದನ್ನು ತಪ್ಪಿಸುವುದು ಬಹಳ ಕಷ್ಟ.

ಬ್ಲೇಡು ಇಂಚಿಗೆ 32 ಹಲ್ಲಿನದ್ದಿರಲಿ. ಅಂಗಡಿಯಲ್ಲಿ ಸುಮ್ಮನೆ ಬ್ಲೇಡು ಕೊಡಿ ಎಂದರೆ 18 ಅಥವಾ 24 ಹಲ್ಲಿನದ್ದನ್ನು ಕೊಡುತ್ತಾರೆ. 18 ಹಲ್ಲಿನದ್ದರಲ್ಲಿ ಹಲ್ಲಿನಿಂದ ಹಲ್ಲಿಗೆ ಸುಮಾರು 1.4 ಮಿಲಿಮೀಟರ್ ಅಂತರ, ಪೈಪಿನ ಗೋಡೆ ಅದಕ್ಕಿಂತ ತೆಳ್ಳಗೆ. ಹಾಗಾಗಿ ಗೋಡೆ ಎರಡು ಹಲ್ಲಿನ ನಡುವೆ ಬಿದ್ದು ಸಿಕ್ಕಿಕೊಳ್ಳುತ್ತದೆ, ಬ್ಲೇಡು ಮುರಿಯುತ್ತದೆ, ಕೈ ಜಾರುತ್ತದೆ. ಹಲ್ಲಿನ ಮುಖ ಮುಂದಕ್ಕೆ ಇರುವಂತೆ ಬ್ಲೇಡು ಹಾಕಿ, ಮುಂದೆ ತಳ್ಳುವಾಗ ಮಾತ್ರ ಒತ್ತಡ ಕೊಡಿ. ಪೈಪನ್ನು ವೈಸಿಗೆ ನೇರ ಕಚ್ಚಿಸಿದರೆ ನಜ್ಜುಗುಜ್ಜಾಗುತ್ತದೆ. ಎರಡು ಮರದ ತುಂಡಿನಲ್ಲಿ ಪೈಪಿನ ಅಳತೆಗೆ ಕಚ್ಚು ಹೊಡೆದು ನಡುವೆ ಹಿಡಿಸಿ. ಪಾದದಡಿ ಒತ್ತಿ ಹಿಡಿದು ಕೊಯ್ಯುವುದು ಊರಲ್ಲಿ ಕಾಣುವ ದೃಶ್ಯ, ಬ್ಲೇಡು ಜಾರಿದರೆ ಹೋಗುವುದು ಪಾದವೇ.

ಹಾಗಾದರೆ ಗ್ರೈಂಡರ್ ಬಳಸಲೇಬಾರದೇ?

ದಪ್ಪ ಗೋಡೆಯ ದೊಡ್ಡ ಪೈಪು, ಗುಜರಿಗೆ ಹಾಕುವ ಹಳೇ ಪೈಪು, ಕಟರ್ ಸುತ್ತಲು ದಾರಿಯೇ ಇಲ್ಲದ ಮೂಲೆ, ಇಂಥ ಕಡೆ ಬೇಕಾಗಬಹುದು. ಅಲ್ಲಿಯೂ ಜಾಗ ಇದ್ದರೆ ಲೋಹ ಕೊಯ್ಯುವ ಬ್ಲೇಡು ಹಾಕಿದ, ಬ್ಲೇಡು ಹಿಂದೆ ಮುಂದೆ ಓಡುವ ರೆಸಿಪ್ರೊಕೇಟಿಂಗ್ ಗರಗಸ ಮೇಲು. ಅದರ ಮುಂದಿನ ಪಾದವನ್ನು ಪೈಪಿಗೆ ಗಟ್ಟಿಯಾಗಿ ಆನಿಸಿಯೇ ಸ್ವಿಚ್ಚು ಒತ್ತಬೇಕು, ಇಲ್ಲದಿದ್ದರೆ ಕೊಯ್ಯುವ ಬದಲು ಪೈಪನ್ನೇ ಅಲ್ಲಾಡಿಸುತ್ತದೆ.

ಗ್ರೈಂಡರ್ ವಿಷಯದಲ್ಲಿ ತಾಮ್ರದ ಸ್ವಭಾವ ತಿಳಿದಿರಬೇಕು. ಅದು ಮೆದು. ಕಬ್ಬಿಣ ಪುಡಿಯಾಗಿ ಸಿಡಿದು ಹೋಗುತ್ತದೆ, ತಾಮ್ರ ಡಿಸ್ಕಿನ ಕಣಗಳ ನಡುವೆ ಮೆತ್ತಿಕೊಳ್ಳುತ್ತದೆ. ಮೆತ್ತಿಕೊಂಡ ಡಿಸ್ಕು ಕೊಯ್ಯುವುದು ಬಿಟ್ಟು ಉಜ್ಜತೊಡಗುತ್ತದೆ, ಬಿಸಿಯಾಗುತ್ತದೆ. ನಾವು ಇನ್ನಷ್ಟು ಒತ್ತುತ್ತೇವೆ. ಅಷ್ಟರಲ್ಲಿ ಪೈಪು ಬಾಗಿ ಡಿಸ್ಕನ್ನು ಕಚ್ಚಿ ಹಿಡಿದರೆ ಮೆಷಿನು ನಮ್ಮ ಕಡೆಗೇ ಎಗರುತ್ತದೆ. 4 ಇಂಚಿನ ಡಿಸ್ಕು ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರ್ ದಾಟಿರುತ್ತದೆ. ಎಗರಿದ ಮೇಲೆ ಹಿಂದೆ ಸರಿಯಲು ಸಮಯ ಸಿಗುವುದಿಲ್ಲ.

ಆದ್ದರಿಂದ ಅಲ್ಯೂಮಿನಿಯಂ, ತಾಮ್ರಕ್ಕೆಂದೇ ಬರುವ ತೆಳು ಡಿಸ್ಕು ಹಾಕಿ. ಗಾರ್ಡು ತೆಗೆಯಬೇಡಿ. ಪಕ್ಕದ ಹಿಡಿ ಹಾಕಿ, ಎರಡೂ ಕೈಯಲ್ಲಿ ಹಿಡಿಯಿರಿ. ತುಂಡಾಗಿ ಬೀಳುವ ಬದಿಯನ್ನು ಸಡಿಲ ಬಿಟ್ಟು, ಉಳಿಯುವ ಬದಿಯನ್ನು ಬಿಗಿಯಾಗಿ ಕಟ್ಟಿಕೊಳ್ಳಿ, ಆಗ ಕೊಯ್ದ ಸಂದು ಅಗಲವಾಗುತ್ತದೆಯೇ ಹೊರತು ಮುಚ್ಚಿಕೊಳ್ಳುವುದಿಲ್ಲ. ಮುಖ ಡಿಸ್ಕಿನ ನೇರಕ್ಕೆ ಇರದೆ ಸ್ವಲ್ಪ ಓರೆಗಿರಲಿ.

ಎರಡು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ಗಾರ್ಡು ಕಿತ್ತು 4 ಇಂಚಿನ ಮೆಷಿನಿಗೆ 5 ಇಂಚಿನ ಡಿಸ್ಕು ಹಾಕುವುದು ಒಂದು. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವುದು ಇನ್ನೊಂದು. ಹಲ್ಲು ಪೈಪಿಗೆ ಸಿಕ್ಕಿದ ಕೂಡಲೇ ಮೆಷಿನು ಕೈಯಿಂದ ಕಿತ್ತುಕೊಂಡು ಹೋಗುತ್ತದೆ.

ಕೊಯ್ದ ಕೂಡಲೇ ಪೈಪು ಮುಟ್ಟಬೇಡಿ. ತಾಮ್ರವು ಶಾಖವನ್ನು ಕಬ್ಬಿಣಕ್ಕಿಂತ ಹಲವು ಪಟ್ಟು ಬೇಗ ಸಾಗಿಸುತ್ತದೆ. ಕೊಯ್ದ ಜಾಗದಿಂದ ಗೇಣು ದೂರದಲ್ಲೂ ಕೈ ಸುಡಬಹುದು.

ಹಳೇ ಡಿಸ್ಕು ಶೆಡ್ಡಿನಲ್ಲಿದೆ. ಬಳಸಬಹುದೇ?

ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಡಿಸ್ಕಿನ ಕೊನೇ ದಿನಾಂಕ. ಕಣಗಳನ್ನು ಹಿಡಿದಿಟ್ಟಿರುವ ಅಂಟು ತೇವಕ್ಕೆ ದುರ್ಬಲವಾಗುತ್ತದೆ, ಕರಾವಳಿಯ ಮಳೆಗಾಲ ಅದಕ್ಕೆ ಶತ್ರು. ದಿನ ಮೀರಿದ್ದು, ಒದ್ದೆಯಾದದ್ದು, ಅಂಚು ಒಡೆದದ್ದು ಕಸದ ಬುಟ್ಟಿಗೆ ಹೋಗಲಿ. ಡಿಸ್ಕಿನ ಮೇಲೆ ಬರೆದ ಗರಿಷ್ಠ ವೇಗ ನಿಮ್ಮ ಮೆಷಿನಿನ ವೇಗಕ್ಕಿಂತ ಹೆಚ್ಚಿರಬೇಕು. ಹೊಸ ಡಿಸ್ಕು ಹಾಕಿದ ಮೇಲೆ ಯಾರ ಕಡೆಗೂ ಮುಖ ಮಾಡದೆ ಒಂದು ನಿಮಿಷ ಖಾಲಿ ಓಡಿಸಿ ನೋಡಿ.

ಶಿರಸಿ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬರುತ್ತಿರುತ್ತದೆ. ಅದರಿಂದ ಏನಾದರೂ ತೊಂದರೆಯೇ?

ಇದೆ, ಮತ್ತು ಬಹಳ ಜನ ಇದನ್ನು ಯೋಚಿಸಿಯೇ ಇರುವುದಿಲ್ಲ. ಗ್ರೈಂಡರಿನ ಸ್ವಿಚ್ಚನ್ನು ಲಾಕ್ ಮಾಡಿಕೊಂಡು ಕೊಯ್ಯುತ್ತಿರುವಾಗ ಕರೆಂಟು ಹೋಯಿತು ಎನ್ನಿ. ಮೆಷಿನು ಕೆಳಗಿಟ್ಟು ಕವಳ ಹಾಕಿಕೊಂಡು ಬರೋಣವೆಂದು ಎದ್ದು ಹೋಗುತ್ತೀರಿ. ಕರೆಂಟು ಬಂದಾಗ ಅದು ತಾನೇ ತಿರುಗಲು ಶುರುವಾಗಿ ನೆಲದ ಮೇಲೆ ಓಡಾಡುತ್ತದೆ. ಕರೆಂಟು ಹೋದ ಕೂಡಲೇ ಸ್ವಿಚ್ಚು ಆಫ್ ಮಾಡಿ ಪ್ಲಗ್ ಕಿತ್ತಿಡಿ. ಡಿಸ್ಕು ಬದಲಿಸುವಾಗಲೂ ಹಾಗೆಯೇ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತಿರುಗುವ ಸ್ವಿಚ್ಚಿನ ಮೆಷಿನು ಕೊಂಡರೆ ಈ ಭಯವಿಲ್ಲ.

ವೋಲ್ಟೇಜು ಕಡಿಮೆಯಿದ್ದಾಗ ಡಿಸ್ಕಿನ ವೇಗ ಇಳಿದು ಸಿಕ್ಕಿಕೊಳ್ಳುವುದು ಹೆಚ್ಚು, ಮೋಟಾರೂ ಸುಡುತ್ತದೆ. ಅಂಥ ಹೊತ್ತಿನಲ್ಲಿ ಕೆಲಸ ನಿಲ್ಲಿಸಿ. ಒದ್ದೆ ಟೆರೇಸಿನ ಮೇಲೆ, ಸೋರುವ ಮಾಡಿನಡಿ ವೈರಿನ ಮೆಷಿನು ಬೇಡ. ಎಲ್ಲೇ ಬಳಸಿದರೂ ಆ ಲೈನಿನಲ್ಲಿ ಕರೆಂಟು ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲಿ, ಎಕ್ಸ್‌ಟೆನ್ಷನ್ ವೈರಿಗೆ ಟೇಪು ಸುತ್ತಿದ ಜೋಡಣೆ ಇರದಿರಲಿ.

ಎಸಿಯ ಪೈಪು ಕತ್ತರಿಸಿ ಬೇರೆ ಗೋಡೆಗೆ ಹಾಕಬೇಕು. ಗ್ಯಾಸ್ ಹೊರಗೆ ಬಿಟ್ಟು ಕೊಯ್ಯಬಹುದೇ?

ಬೇಡ. ಆರ್-32 ಎಂಬ ಗ್ಯಾಸ್ ತುಂಬಿದ ಎಸಿ ಸುಮ್ಮನೆ ನಿಂತಿರುವಾಗಲೂ, ಕಾರವಾರದ 30 ಡಿಗ್ರಿ ಸೆಕೆಯಲ್ಲಿ, ಪೈಪಿನೊಳಗಿನ ಒತ್ತಡ ಸುಮಾರು 18 ಬಾರ್. ಕಾರಿನ ಟೈರಿನಲ್ಲಿ ಇರುವುದು ಎರಡು, ಎರಡೂವರೆ ಬಾರ್. ಚಕ್ರ ಗೋಡೆ ದಾಟಿದ ಕ್ಷಣದಲ್ಲಿ ಅಷ್ಟೂ ಒತ್ತಡ ನಿಮ್ಮ ಮುಖದ ಮುಂದೆ ಬಿಡುಗಡೆಯಾಗುತ್ತದೆ. ಆರ್-32 ಕುದಿಯುವುದು ಮೈನಸ್ 52 ಡಿಗ್ರಿಯಲ್ಲಿ, ದ್ರವ ಚರ್ಮಕ್ಕೆ ತಾಗಿದರೆ ಬೆಂಕಿಯಂತೆಯೇ ಗಾಯ ಮಾಡುತ್ತದೆ, ಕಣ್ಣಿಗಾದರೆ ದೃಷ್ಟಿಗೇ ಕುತ್ತು.

ಇನ್ನೂ ಒಂದಿದೆ. ಆರ್-32ಕ್ಕೆ ಹೊತ್ತಿಕೊಳ್ಳುವ ಗುಣ ಸ್ವಲ್ಪ ಇದೆ. ಕೆಲವು ಎಸಿ, ಫ್ರಿಜ್‌ಗಳಲ್ಲಿರುವ ಆರ್-290 ಎಂದರೆ ಶುದ್ಧ ಪ್ರೊಪೇನ್, ಅಡುಗೆ ಗ್ಯಾಸಿನ ಜಾತಿಯದ್ದೇ. ಗ್ರೈಂಡರಿನ ಕಾರ್ಬನ್ ಬ್ರಷ್ಷಿನ ಕಿಡಿ ಸಾಕು. ಹಳೇ ಆರ್-22 ಹೊತ್ತಿಕೊಳ್ಳುವುದಿಲ್ಲ, ಆದರೆ ಪೈಪು ಬೆಸೆಯುವ ಬ್ರೇಜಿಂಗ್ ಜ್ವಾಲೆಗೆ ಸಿಕ್ಕಿದರೆ ವಿಷಾನಿಲವಾಗುತ್ತದೆ, ಓಝೋನ್ ಪದರಕ್ಕೂ ಕೇಡು. ಯಾವ ಗ್ಯಾಸ್ ಎಂಬುದು ಔಟ್‌ಡೋರ್ ಯೂನಿಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ.

ಸರಿಯಾದ ಕ್ರಮ ಎಂದರೆ ತಿಳಿದ ಮೆಕ್ಯಾನಿಕರಿಂದ ಗ್ಯಾಸನ್ನು ರಿಕವರಿ ಮೆಷಿನಿನಲ್ಲಿ ಸಿಲಿಂಡರಿಗೆ ಎಳೆಸುವುದು, ಅಥವಾ ಪಂಪ್ ಡೌನ್ ಮಾಡಿಸಿ ಔಟ್‌ಡೋರ್ ಯೂನಿಟ್ಟಿನೊಳಗೇ ಕೂಡಿಹಾಕಿಸುವುದು. ಪಂಪ್ ಡೌನ್ ಮಾಡುವಾಗ ಪೈಪಿನಲ್ಲಿ ಸೋರಿಕೆ ಇದ್ದರೆ ಕಂಪ್ರೆಸರ್ ಗಾಳಿಯನ್ನು ಒಳಗೆಳೆದುಕೊಂಡು, ಒತ್ತಡ ಮತ್ತು ಎಣ್ಣೆ ಸೇರಿ ಸ್ಫೋಟಿಸುವ ಅಪಾಯವಿದೆ. ಆದ್ದರಿಂದ ಸೋರುತ್ತಿರುವ ಎಸಿಗೆ ಪಂಪ್ ಡೌನ್ ಬೇಡವೇ ಬೇಡ. ಗೇಜು ಸೊನ್ನೆ ತೋರಿಸಿದ ಮೇಲೆ, ಕಿಟಕಿ ಬಾಗಿಲು ತೆರೆದು, ಕೈ ಕಟರ್‌ನಲ್ಲೇ ಕೊಯ್ಯಿರಿ.

ಕೊಯ್ದ ಬಾಯಿಗೆ ಆ ಕ್ಷಣವೇ ಮುಚ್ಚಳ ಹಾಕಿ, ಇಲ್ಲವೇ ಟೇಪು ಸುತ್ತಿ. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನ ಅಂಶ ವಿಪರೀತ, ಈಗಿನ ಎಸಿಗಳಲ್ಲಿರುವ ಎಣ್ಣೆ ಆ ತೇವವನ್ನು ಹೀರಿಕೊಂಡು ಒಳಗೆ ಆಮ್ಲ ಹುಟ್ಟಿಸುತ್ತದೆ. ಆಷಾಢದ ಒಂದು ರಾತ್ರಿ ಬಾಯಿ ತೆರೆದಿಟ್ಟ ಪೈಪನ್ನು ಸಾರಜನಕ ಊದಿ ಒಣಗಿಸದೆ, ಪಂಪಿನಿಂದ ಒಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಮಾಡದೆ ಜೋಡಿಸಕೂಡದು.

ಹೊರಗಿಟ್ಟ ಸಿಲಿಂಡರಿನಿಂದ ಅಡುಗೆಮನೆಗೆ ಬಂದ ತಾಮ್ರದ ಪೈಪನ್ನು ನಾನೇ ಕತ್ತರಿಸಲೇ?

ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕರನ್ನು ಕರೆಯಿರಿ. ಅವರು ಬಂದಾಗಲೂ ನೀವು ಗಮನಿಸಬೇಕಾದದ್ದಿದೆ. ರೆಗ್ಯುಲೇಟರ್ ಮುಚ್ಚಿ, ಒಲೆ ಉರಿಸಿ ಪೈಪಿನಲ್ಲಿ ಉಳಿದದ್ದು ತೀರಿ ಜ್ವಾಲೆ ಆರುವ ತನಕ ಬಿಡಬೇಕು, ಆಮೇಲೆ ರೆಗ್ಯುಲೇಟರನ್ನೇ ಸಿಲಿಂಡರಿನಿಂದ ಬಿಚ್ಚಿ ದೂರ ಇಡಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ, ಬಚ್ಚಲ ತಗ್ಗಿನಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಸೋಲಾರ್ ನೀರಿನ ಪೈಪು ಸೋರುತ್ತಿದೆ. ಯಾವಾಗ ಕೊಯ್ಯುವುದು ಒಳ್ಳೆಯದು?

ಬೆಳಿಗ್ಗೆ, ಬಿಸಿಲು ಏರುವ ಮೊದಲು. ಮಧ್ಯಾಹ್ನದ ನೀರು ಮೈ ಸುಡುವಷ್ಟು ಬಿಸಿಯಿರುತ್ತದೆ, ಪ್ಯಾನೆಲ್ಲಿನೊಳಗೆ ಹಬೆಯೂ ಇರಬಹುದು. ಹಿಂದಿನ ಸಂಜೆಯೇ ಬಿಸಿನೀರು ಖರ್ಚು ಮಾಡಿ, ತಣ್ಣೀರಿನ ವಾಲ್ವು ಮುಚ್ಚಿ, ಕೆಳಗಿನ ನಲ್ಲಿಯಿಂದ ಪೂರ್ತಿ ಬಸಿದು, ಪ್ಯಾನೆಲ್ಲಿನ ಮೇಲೆ ದಪ್ಪ ಕಂಬಳಿ ಹೊದೆಸಿ. ಬಚ್ಚಲ ಒಲೆಯ ತಾಮ್ರದ ಬಾಯ್ಲರಿಗೂ ಇದೇ ಮಾತು, ಬೆಂಕಿ ಆರಿ ಬೂದಿ ತಣ್ಣಗಾಗುವ ತನಕ ಕಾಯಿರಿ. ಹೆಂಚಿನ ಮಾಡಿನ ಮೇಲೆ ಪಾಚಿ ಕಟ್ಟಿದ್ದರೆ ಪೈಪಿಗಿಂತ ದೊಡ್ಡ ಅಪಾಯ ಕಾಲಡಿಯಲ್ಲೇ ಇದೆ. ಕಟರ್ ತಿರುಗಿಸಲು ಎರಡೂ ಕೈ ಬೇಕು, ಹಾಗಾಗಿ ಸೊಂಟಕ್ಕೆ ಹಗ್ಗವಿರಲಿ, ಕೆಳಗೊಬ್ಬರು ಇರಲಿ.

ಬೋಟಿನ ಡೀಸೆಲ್ ಲೈನು ಬದಲಿಸಬೇಕು. ಗ್ರೈಂಡರ್ ಇದೆ.

ಎಂಜಿನ್ ಕೋಣೆಗೆ ಗ್ರೈಂಡರ್ ಇಳಿಸಬೇಡಿ. ತಳದಲ್ಲಿ ನಿಂತ ಡೀಸೆಲ್ ಮಿಶ್ರಿತ ನೀರು, ಎಣ್ಣೆ ಹೀರಿದ ಬಟ್ಟೆ, ಗಾಳಿಯಾಡದ ಜಾಗ, ಇವುಗಳ ನಡುವೆ ಕಿಡಿ ಹಾರುವುದು ಬೋಟನ್ನೇ ಪಣಕ್ಕಿಟ್ಟಂತೆ. ಎಂಜಿನ್ ಪೂರ್ತಿ ತಣ್ಣಗಾಗಲಿ, ಟ್ಯಾಂಕಿನ ವಾಲ್ವು ಮುಚ್ಚಿ, ಲೈನನ್ನು ಡಬ್ಬಕ್ಕೆ ಬಸಿದು, ಕೈ ಕಟರ್ ಬಳಸಿ. ಸಾಧ್ಯವಾದರೆ ಹಳೇ ಪೈಪನ್ನು ನಟ್ಟಿನಲ್ಲೇ ಬಿಚ್ಚಿ ದಕ್ಕೆಗೆ ತಂದು, ಅದರ ಅಳತೆಗೆ ಹೊಸದನ್ನು ಅಲ್ಲೇ ಕೊಯ್ದುಕೊಳ್ಳಿ.

ತಾಮ್ರ ನಡುಗುತ್ತ ನಡುಗುತ್ತ ಗಡುಸಾಗಿ ಫ್ಲೇರಿನ ಬುಡದಲ್ಲಿ ಸೀಳುತ್ತದೆ. ಎಂಜಿನ್ನಿನ ಹತ್ತಿರ ಒಂದು ಸುರುಳಿ ಬಿಟ್ಟು, ಮುಂದೆ ಅಲ್ಲಲ್ಲಿ ರಬ್ಬರಿನ ಕ್ಲ್ಯಾಂಪು ಹಾಕಿದರೆ ಬಾಳಿಕೆ ಬರುತ್ತದೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಈ 61 ದಿನಗಳಲ್ಲೇ ಪೈಪುಗಳನ್ನೆಲ್ಲ ಪರೀಕ್ಷಿಸಿಕೊಂಡರೆ ಸಮುದ್ರದ ನಡುವೆ ಕಟರ್ ಹುಡುಕುವ ಪ್ರಮೇಯ ಬರದು.

ಐಸ್ ಪ್ಲಾಂಟಿಗೆ ತಾಮ್ರದ ಪೈಪು ಹಾಕಬಹುದೇ?

ಅಮೋನಿಯಾದಲ್ಲಿ ನಡೆಯುವ ಪ್ಲಾಂಟಾದರೆ ಇಲ್ಲ. ತೇವ ಸೇರಿದ ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿಂದುಹಾಕುತ್ತದೆ. ಅಲ್ಲಿ ಇರುವುದು ಉಕ್ಕಿನ ಪೈಪು, ಅದನ್ನು ಕೊಯ್ಯುವುದು ಪ್ಲಾಂಟಿನ ತಜ್ಞರ ಕೆಲಸ.

ಫ್ರಿಜ್ಜಿನ ಸಣ್ಣ ಕ್ಯಾಪಿಲರಿ ಪೈಪು ಕಟರ್‌ಗೆ ಸಿಗುವುದಿಲ್ಲ. ಇಕ್ಕಳದಲ್ಲಿ ಕತ್ತರಿಸಲೇ?

ಇಕ್ಕಳ ಹಾಕಿದರೆ ತೂತು ಮುಚ್ಚಿಹೋಗುತ್ತದೆ. ಗ್ಯಾಸ್ ಪೂರ್ತಿ ಹೊರಬಂದಿದೆ ಎಂದು ಖಾತ್ರಿಯಾದ ಮೇಲೆ, ಸಣ್ಣ ಅರದಿಂದ ಸುತ್ತಲೂ ಗೀರಿ, ಎರಡು ಬದಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಬಾಗಿಸಿ. ಗೀರಿನಲ್ಲೇ ಮುರಿಯುತ್ತದೆ, ತೂತು ದುಂಡಗೇ ಉಳಿಯುತ್ತದೆ.

ಪೈಪು ಗೋಡೆಯೊಳಗಿದೆ. ಹೇಗೆ?

ಮೇನ್ ಆಫ್ ಮಾಡಿ, ಟೆಸ್ಟರಿನಿಂದ ನೋಡಿ, ಪೈಪಿನ ಸುತ್ತ ಕೈ ಕಟರ್ ತಿರುಗುವಷ್ಟು ಗಾರೆ ಬಿಡಿಸಿಕೊಳ್ಳಿ. ಪಕ್ಕದಲ್ಲೇ ವಯರಿಂಗ್ ಪೈಪು ಹೋಗಿರುತ್ತದೆ, ಗರಗಸಕ್ಕೆ ಅದರ ಅಂದಾಜು ಇರುವುದಿಲ್ಲ. ಹಳೇ ಮನೆಗಳಲ್ಲಿ ಲೋಹದ ನೀರಿನ ಪೈಪಿಗೇ ಅರ್ಥಿಂಗ್ ತಂತಿ ಕಟ್ಟಿರುವುದುಂಟು. ಅಂಥದ್ದನ್ನು ಕೊಯ್ದರೆ ಇಡೀ ಮನೆಯ ಅರ್ಥಿಂಗ್ ತಪ್ಪುತ್ತದೆ, ತುಂಡಿನ ಎರಡು ತುದಿ ಹಿಡಿದವರಿಗೆ ಶಾಕ್ ಹೊಡೆಯಬಹುದು. ತಂತಿ ಕಂಡರೆ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಕೈಗವಸು, ಕನ್ನಡಕ, ಬಟ್ಟೆ?

ಕನ್ನಡಕ ಕೈ ಕಟರಿಗೂ ಬೇಕು, ಗ್ರೈಂಡರಿಗಾದರೆ ಅದರ ಮೇಲೆ ಮುಖದ ಶೀಲ್ಡು, ಕಿವಿಗೆ ಮುಚ್ಚಳ, ಮೂಗಿಗೆ ಮಾಸ್ಕು. ಓದುವ ಕನ್ನಡಕ ರಕ್ಷಣೆಯಲ್ಲ. ಕೊಯ್ದ ಪೈಪು ಎತ್ತುವಾಗ ಚರ್ಮದ ಕೈಗವಸಿರಲಿ, ಆದರೆ ತಿರುಗುವ ಮೆಷಿನಿನ ಹತ್ತಿರ ನೂಲು ಬಿಟ್ಟ ಸಡಿಲ ಹತ್ತಿ ಕೈಗವಸು ಬೇಡ, ನೂಲು ಸಿಕ್ಕಿದರೆ ಬೆರಳೂ ಹೋಗುತ್ತದೆ. ಹೆಗಲ ಮೇಲಿನ ಟವೆಲು, ಸಡಿಲ ಲುಂಗಿ, ಜೋತಾಡುವ ದುಪಟ್ಟಾ ಬೇಡ. ಹವಾಯಿ ಚಪ್ಪಲಿಯ ಬದಲು ಶೂ ಹಾಕಿ.

ಕಣ್ಣಿಗೆ ಚೂರು ಹೋದರೆ?

ಉಜ್ಜಬೇಡಿ. ಮೇಲೆ ತೇಲುವ ಪುಡಿಯಾದರೆ ಶುದ್ಧ ನೀರು ಧಾರಾಳವಾಗಿ ಹರಿಸಿ. ಚೂರು ಚುಚ್ಚಿಕೊಂಡಿದ್ದರೆ ಕೀಳಬೇಡಿ, ಒತ್ತಬೇಡಿ, ಕಣ್ಣಿನ ಮೇಲೆ ಒತ್ತದ ಹಾಗೆ ಕಾಗದದ ಲೋಟ ಮುಚ್ಚಿ ಕಣ್ಣಿನ ವೈದ್ಯರ ಬಳಿ ಹೋಗಿ. ಒಳಗೆ ಉಳಿದ ತಾಮ್ರ ಕಣ್ಣಿಗೆ ವಿಷ, ಆದ್ದರಿಂದ ನಾಳೆ ನೋಡೋಣ ಎನ್ನಬಾರದು. ಕೈ ಆಳವಾಗಿ ಕೊಯ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ, ಕೈ ಎತ್ತಿ ಹಿಡಿದು, ರಕ್ತ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಟಿಟಿ ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಎಂದು ವೈದ್ಯರಿಗೆ ಹೇಳಿ.

ಕಟರ್ ಚಕ್ರ ಎಷ್ಟು ಕಾಲ ಬಾಳುತ್ತದೆ?

ಅಂಚಿನಲ್ಲಿ ಕಚ್ಚು ಬಿದ್ದಿದ್ದರೆ, ಅಥವಾ ಮೊದಲಿಗಿಂತ ಹೆಚ್ಚು ಬಿಗಿ ಮಾಡಬೇಕಾಗಿ ಬಂದರೆ ಬದಲಿಸಿ, ಚಕ್ರ ಬಿಡಿಯಾಗಿ ಸಿಗುತ್ತದೆ. ಉಪ್ಪುಗಾಳಿಯ ಊರಲ್ಲಿ ಕೆಲಸ ಮುಗಿದ ಸಂಜೆಯೇ ಒರೆಸಿ, ಚಕ್ರದ ಪಿನ್ನಿಗೂ ರೋಲರಿಗೂ ಒಂದೊಂದು ಹನಿ ಮೆಷಿನ್ ಎಣ್ಣೆ ಬಿಟ್ಟು, ಗಾಳಿಯಾಡದ ಡಬ್ಬದಲ್ಲಿಡಿ. ಮರುದಿನ ಎಸಿ ಪೈಪಿಗೆ ಹಚ್ಚುವ ಮುನ್ನ ಆ ಎಣ್ಣೆಯನ್ನು ಒರೆಸಿ ತೆಗೆಯಿರಿ.